ಸಿಮೆಂಟ್ ಗಿರಣಿಯ ಗುಂಡು, ಅಕ್ಕನ ಹೊಳೆಗಳು

ಆ ಭಾನುವಾರ ಮಧ್ಯಾಹ್ನ ಅಕ್ಕ ಭೀಮಾ ನದಿಯನ್ನು ಒಂದೇ ಗೆರೆಯಲ್ಲಿ ಬರೆದು ಮುಗಿಸಿದಳು. ನಡುವೆ ಎಲ್ಲೂ ಕೈ ನಿಲ್ಲಿಸಲಿಲ್ಲ. ಸನ್ನತಿಯ ಹತ್ತಿರ ನದಿ ತಿರುಗುವಲ್ಲಿ ಅವಳ ಮೊಣಕೈಯೂ ಜೊತೆಗೆ ತಿರುಗಿತು. ಗೆರೆ ನಕಾಶೆಯ ಅಂಚು ಮುಟ್ಟಿದ ಮೇಲೆ ಮೌಸಿನ ಬಟನ್ ಬಿಟ್ಟಳು, ಹಿಡಿದಿದ್ದ ಉಸಿರನ್ನೂ ಬಿಟ್ಟಳು.

"ಹೊಳಿ ಹರೀತು. ಚಾ ಮಾಡು ತಮ್ಮಾ," ಎಂದಳು.

ನಾನು ಚಹಾ ಮಾಡಿದೆ. ಸಕ್ಕರೆ ಹೆಚ್ಚಾಯಿತೆಂದು ಬೈಸಿಕೊಂಡೆ. ನಮ್ಮ ಕೊನೆಯ ಮಾಮೂಲಿ ದಿನ ಅದು. ಅಂದು ಅದು ಗೊತ್ತಾಗುವ ಹಾಗಿರಲಿಲ್ಲ.

ಶಹಾಬಾದದ ನಮ್ಮ ಮನೆಯ ಮುಂದಿನ ಕೋಣೆಯೇ ಅವಳ ಡಿಟಿಪಿ ಅಂಗಡಿ. ಇಟ್ಟಿಗೆಯ ಎರಡು ಕಟ್ಟೆಗಳ ಮೇಲೆ ಪಾಲಿಶ್ ಮಾಡಿದ ಅಗಲವಾದ ಪರಸಿ ಕಲ್ಲು, ಅದರ ಮೇಲೆ ಕಂಪ್ಯೂಟರು. ಆಗಿನ ಮೌಸುಗಳ ಹೊಟ್ಟೆಯಲ್ಲಿ ರಬ್ಬರಿನ ಸಣ್ಣ ಗುಂಡು ಇರುತ್ತಿತ್ತು. ನುಣ್ಣನೆಯ ಕಲ್ಲಿನ ಮೇಲೆ ಅದು ಜಾರುತ್ತದೆಂದು ಹಳೆಯ ರೆಕ್ಸಿನ್ ಚೀಲವನ್ನು ಕತ್ತರಿಸಿ ಹಾಸಿದ್ದಳು. ಲಗ್ನಪತ್ರಿಕೆ, ಶಾಲೆಯ ಪ್ರಶ್ನೆಪತ್ರಿಕೆ, ಕಿರಾಣಿ ಅಂಗಡಿಯ ಚೀಟಿ, ಏನು ಬಂದರೂ ಮಾಡುತ್ತಿದ್ದಳು. ಆದರೆ ಚಿತ್ರಕಲೆ ಕಲಿತು ಕೆಲವು ವರ್ಷ ಮಕ್ಕಳಿಗೆ ಕಲಿಸಿದವಳಿಗೆ ನಿಜವಾದ ಆಸೆ ಇದ್ದದ್ದು ನಕಾಶೆಗಳ ಮೇಲೆ. ಚಿತ್ತಾಪುರದ ಹೈಸ್ಕೂಲಿನ ಭೂಗೋಳದ ಮಾಸ್ತರರೊಬ್ಬರು ಮಕ್ಕಳಿಗಾಗಿ ನಮ್ಮ ಭಾಗದ ತಾಲೂಕುಗಳ ಕಿರುಹೊತ್ತಿಗೆ ಮಾಡುತ್ತಿದ್ದರು. ಚಿತ್ತಾಪುರ, ಸೇಡಂ, ಚಿಂಚೋಳಿ, ಮೂರೂ ನಕಾಶೆಗಳನ್ನು ಅಕ್ಕನಿಗೆ ಒಪ್ಪಿಸಿದ್ದರು.

ಅಕ್ಕನಿಗೆ ಅವಳದೇ ಕಟ್ಟುಪಾಡುಗಳಿದ್ದವು. ಮೊದಲು ಗಡಿ, ಆಮೇಲೆ ರೈಲು ಹಳಿ, ರಸ್ತೆ, ಊರುಗಳ ಹೆಸರು. ನದಿ ಎಲ್ಲಕ್ಕಿಂತ ಕೊನೆಗೆ, ಅದೂ ಒಂದೇ ಎಳೆತದಲ್ಲಿ. ಅದಕ್ಕೂ ಮೊದಲು ಆ ನದಿಯ ದಂಡೆಯ ಮೇಲೆ ಒಮ್ಮೆಯಾದರೂ ಹೋಗಿ ನಿಂತು ಬರಬೇಕು. ಚಿತ್ತಾಪುರ ನಕಾಶೆಯ ಭೀಮೆಗಾಗಿ ನನ್ನನ್ನು ಕರೆದುಕೊಂಡು ಸನ್ನತಿಗೆ ಹೋಗಿ ಬಂದಿದ್ದಳು. "ನಕಾಶಿ ನೋಡಿ ನಕಾಶಿ ತಗದ್ರ ಆಯ್ತಲ್ಲ," ಎಂದು ನಾನು ಅಂದಾಗ ನಕ್ಕಿದ್ದಳು.

"ರಸ್ತಾ ಮಂದಿ ಹಾಕಿದ್ದು, ತಪ್ಪಿದ್ರ ತಿದ್ದಬಹುದು. ಹೊಳಿ ತಿದ್ದಾಕ ನಾವ್ಯಾರು? ಅದರ ಮಾರಿ ನೋಡದs ಹ್ಯಾಂಗ ಬರೀಲಿ?"

ಭೀಮೆಯ ಗೆರೆ ಮುಗಿದ ಮರುದಿನ ಬೆಳಿಗ್ಗೆ ಅವಳ ಕೈಯಲ್ಲಿದ್ದ ಚಹಾದ ಕಪ್ ಬಸಿಯ ಮೇಲೆ ಕಟಕಟ ಸದ್ದು ಮಾಡಿತು. ಇಬ್ಬರೂ ಬಸಿಯನ್ನೇ ನೋಡಿದೆವು. ಮುಂದಿನ ತಿಂಗಳುಗಳಲ್ಲಿ ಬಲಗೈಯ ನಡುಕ ನಿಂತು ನಿಂತು ಬಂದು ಕೊನೆಗೆ ಅಲ್ಲಿಯೇ ಉಳಿಯಿತು. ಗುಲ್ಬರ್ಗಾದ ಡಾಕ್ಟರು ರೋಗದ ಹೆಸರು ಹೇಳಿದರು, ಗುಳಿಗೆ ಕೊಟ್ಟರು, ಗುಳಿಗೆಯಿಂದ ಕಡಿಮೆಯಾಗುತ್ತದೆ, ಹೋಗುವುದಿಲ್ಲ ಎಂದರು. ಅಕ್ಕ ಕೇಳಿದ್ದು ಒಂದೇ: "ಗೆರಿ ಎಳೀಬಹುದೇನ್ರಿ?" ಡಾಕ್ಟರಿಗೆ ಪ್ರಶ್ನೆ ಅರ್ಥವಾಗಲಿಲ್ಲ.

ಸೇಡಂ ನಕಾಶೆಯಲ್ಲಿ ಎಲ್ಲ ಆಗಿತ್ತು, ಕಾಗಿಣಾ ನದಿಯೊಂದು ಬಾಕಿ. ಮಳಖೇಡಕ್ಕೆ ಹೋಗಿ ದಂಡೆಯಲ್ಲಿ ನಿಂತು ಬಂದಿದ್ದಳು. ಬರೆಯಲು ಕುಳಿತರೆ ಗೆರೆಗೆ ಹಲ್ಲು ಹುಟ್ಟುತ್ತಿದ್ದವು. ಅಳಿಸಿದಳು, ಮತ್ತೆ ಬರೆದಳು.

"ನೋಡು, ಇದು ಹೊಳೀನಾ, ಗರಗಸಾ?"

ಮಾಸ್ತರರು ಒಂದು ದಿನ ಬಂದು ಪರದೆ ನೋಡಿದರು. ಸಜ್ಜನರು. ಬಹಳ ಹೊತ್ತು ಕನ್ನಡಕ ಒರೆಸಿಕೊಂಡರು.

"ಅಕ್ಕಾರ, ಹೊಳಿ ಅಷ್ಟು ಗುಲ್ಬರ್ಗಾದಾಗ ಯಾರ ಕಡಿಂದರೆ ತೆಗಸ್ತೀನ್ರಿ. ಉಳಿದದ್ದು ನೀವs ಮಾಡ್ರಿ. ಸಾಲಿ ಶುರು ಆಗೂದ್ರೊಳಗ ಪುಸ್ತಕ ಆಗಬೇಕು ನೋಡ್ರಿ."

"ಮಾಸ್ತರ, ಅಡಗಿ ನಾ ಮಾಡಿ, ಉಪ್ಪು ಮಂದಿ ಕಡಿಂದ ಹಾಕಸ್ತೀರೇನು?" ಎಂದಳು ಅಕ್ಕ.

ಮಾಸ್ತರರು ಶಾಲೆ ಶುರುವಾಗುವವರೆಗೆ ಕಾಯಲು ಒಪ್ಪಿ ಹೋದರು. ಆಗ ಬೇಸಿಗೆ.

ನಾನು ವಾಡಿ ಕಡೆಯ ಒಂದು ಸಿಮೆಂಟ್ ಕಾರ್ಖಾನೆಯಲ್ಲಿ ಇನ್‌ಸ್ಟ್ರುಮೆಂಟ್ ಮೆಕ್ಯಾನಿಕ್. ಐಟಿಐ ಕಲಿತವನು. ಒತ್ತಡ, ಉಷ್ಣತೆ ತೋರಿಸುವ ಗಡಿಯಾರದಂಥ ಮಾಪಕಗಳನ್ನು ಬಿಚ್ಚಿ ಸರಿಮಾಡುವುದು ನನ್ನ ಕೆಲಸ. ಆ ವರ್ಷ ಕುಲುಮೆಯ ಹಳೆಯ ಕಂಟ್ರೋಲ್ ಮೇಜನ್ನು ಕಿತ್ತು ಹೊಸದನ್ನು ಕೂರಿಸಿದ್ದರು. ಹಳೆಯದು ಗುಜರಿಯ ರಾಶಿಯಲ್ಲಿ ಮಗ್ಗುಲಾಗಿ ಬಿದ್ದಿತ್ತು. ಅದರಲ್ಲೊಂದು ಟ್ರ್ಯಾಕ್‌ಬಾಲ್ ಕಣ್ಣಿಗೆ ಬಿತ್ತು. ನೋಡದವರಿಗೆ ಹೇಳುವುದಾದರೆ, ಅದು ಬೆನ್ನ ಮೇಲೆ ಮಲಗಿಸಿದ ಮೌಸು. ಪೆಟ್ಟಿಗೆ ಅಲುಗುವುದಿಲ್ಲ, ಮೇಲೆ ಕಾಣುವ ದೊಡ್ಡ ಗುಂಡನ್ನು ಅಂಗೈಯಿಂದ ಉರುಳಿಸಿದರೆ ಪರದೆಯ ಮೇಲಿನ ಬಾಣ ಓಡುತ್ತದೆ.

ನಾನು ಅಲ್ಲಿಯೇ ನಿಂತುಬಿಟ್ಟೆ. ಮೌಸಿನಲ್ಲಿ ಇಡೀ ಕೈ ಮೇಜಿನ ಮೇಲೆ ಅಲೆಯಬೇಕು. ಇದರಲ್ಲಿ ಕೈ ಒಂದೇ ಕಡೆ ಊರಿಕೊಂಡಿರುತ್ತದೆ! ನಮ್ಮ ವಿಭಾಗದ ಸಾಹೇಬರನ್ನು ಕೇಳಿ, ಗೇಟ್‌ಪಾಸ್ ಬರೆಸಿಕೊಂಡು, ಟವೆಲಿನಲ್ಲಿ ಸುತ್ತಿ, ಸಂಜೆಯ ಪ್ಯಾಸೆಂಜರ್ ರೈಲಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದೆ. ಎದುರಿಗೆ ಕುಳಿತಿದ್ದ ಮುದುಕಿ, "ಕೂಸು ಮಲಗ್ಯದೇನಪಾ?" ಎಂದು ಕೇಳಿದಳು.

ಅಕ್ಕ ಅದನ್ನು ತಿರುಗಿಸಿ ನೋಡಿದಳು. ಗುಂಡಿನಲ್ಲಿ ಕೂದಲೆಳೆಯಂಥ ಬಿರುಕು ಇತ್ತು, ಸಂದುಗಳಲ್ಲಿ ಸಿಮೆಂಟು ಮೆತ್ತಿತ್ತು.

"ಯಾವ ಗುಡಿ ಮುರದಾಗ ಸಿಕ್ತಿದು?"

"ಇದು ನಿನ್ನ ಹೊಸ ಮೌಸ್."

"ಹಳೇದು ಅಂಗೈಯಾಗ ಹಿಡೀತಿತ್ತು. ಇದಕ್ಕ ಮಡಲಾಗ ಹೊತ್ಕೊಂಡು ಕುಂದ್ರಬೇಕು," ಎಂದು ನಕ್ಕಳು. ಎಷ್ಟೋ ದಿನಗಳ ಮೇಲೆ ಬಂದ ನಗು.

ಕೆಲಸ ಶುರುಮಾಡಿದೆ. ಪೆಟ್ಟಿಗೆ ಬಿಚ್ಚಿದರೆ ಒಳಗೆ ಸರಳವಾದ ಏರ್ಪಾಟು. ಗುಂಡಿಗೆ ತಾಗಿಕೊಂಡು ಎರಡು ಉಕ್ಕಿನ ಕಡ್ಡಿಗಳು, ಒಂದು ಮೇಲೆ ಕೆಳಗೆ ಅಳೆಯಲು, ಇನ್ನೊಂದು ಎಡಬಲ ಅಳೆಯಲು. ಮೂರನೆಯ ಕಡೆ ಗುಂಡು ಕೂರಲು ಒಂದು ಬೇರಿಂಗು. ಕಡ್ಡಿಯ ತುದಿಗೆ ಸೀಳುಗಳಿರುವ ಸಣ್ಣ ತಟ್ಟೆ. ತಟ್ಟೆ ತಿರುಗಿದಾಗ ಸೀಳುಗಳ ಮೂಲಕ ಬೆಳಕು ಬಂದು ಹೋಗಿ, ಪ್ರತಿ ಕಡ್ಡಿಗೂ ಎರಡು ತಂತಿಗಳಲ್ಲಿ ವಿದ್ಯುತ್ತಿನ ಮಿಡಿತ ಹೊರಡುತ್ತದೆ. ಎರಡರಲ್ಲಿ ಯಾವುದು ಮೊದಲು ಮಿಡಿಯಿತು ಎಂಬುದರ ಮೇಲೆ ದಿಕ್ಕು ತಿಳಿಯುತ್ತದೆ.

ತೊಂದರೆ ಇದ್ದದ್ದು ಬೇರೆ ಕಡೆ. ಈ ಮಿಡಿತಗಳ ಭಾಷೆ ಮನೆಯ ಕಂಪ್ಯೂಟರಿಗೆ ತಿಳಿಯದು. ಅದಕ್ಕೆ ಮೌಸಿನ ಭಾಷೆಯೇ ಬೇಕು. ಭಾಷೆ ಕಲಿಸುವ ಬದಲು ದುಭಾಷಿಯನ್ನೇ ಕೂರಿಸೋಣ ಎಂದುಕೊಂಡೆ. ಅಕ್ಕನ ಒಂದು ಹಳೆಯ ಮೌಸನ್ನು ಬಿಚ್ಚಿದೆ. ಅದರೊಳಗೂ ಇಂಥವೇ ಪುಟ್ಟ ತಟ್ಟೆಗಳು, ಬೆಳಕು ಹಿಡಿಯುವ ಕಣ್ಣುಗಳು, ಅವುಗಳ ಮಿಡಿತವನ್ನು ಕಂಪ್ಯೂಟರಿಗೆ ಹೇಳುವ ಒಂದು ಎಲೆಕ್ಟ್ರಾನಿಕ್ ಚಿಪ್ಪು. ಕಣ್ಣುಗಳನ್ನು ಬೆಸುಗೆ ಬಿಡಿಸಿ ತೆಗೆದುಹಾಕಿ, ಆ ಜಾಗಕ್ಕೆ ಟ್ರ್ಯಾಕ್‌ಬಾಲಿನ ತಂತಿಗಳನ್ನು ಸೇರಿಸಿದರೆ ಚಿಪ್ಪಿಗೆ ವ್ಯತ್ಯಾಸ ತಿಳಿಯಬಾರದು. ತನ್ನ ಪುಟ್ಟ ಗುಂಡೇ ಉರುಳುತ್ತಿದೆ ಎಂದುಕೊಳ್ಳಬೇಕು.

ಬೆಸೆದೆ. ಕಂಪ್ಯೂಟರ್ ಆರಿಸಿ, ಜೋಡಿಸಿ, ಮತ್ತೆ ಹಚ್ಚಿದೆ. ಬಾಣ ಕದಲಲಿಲ್ಲ. ಮೀಟರ್ ಇಟ್ಟು ನೋಡಿದರೆ ಟ್ರ್ಯಾಕ್‌ಬಾಲಿನ ತಂತಿಗಳಲ್ಲಿ ವೋಲ್ಟೇಜು ಕೆಳಗೆ ಇಳಿಯುತ್ತದೆ, ಮೇಲೆ ಏರುವುದೇ ಇಲ್ಲ. ಬಾವಿಯ ಹಗ್ಗ ಇಳಿಬಿಟ್ಟಿದೆ, ಎತ್ತುವವರಿಲ್ಲ ಎನ್ನುವ ಹಾಗೆ. ಪ್ರತಿ ತಂತಿಗೂ ಮೇಲೆತ್ತಲು ಐದು ವೋಲ್ಟಿನ ಕಡೆಯಿಂದ ಒಂದೊಂದು ರೆಸಿಸ್ಟರ್ ಹಾಕಿದೆ. ಮತ್ತೆ ಹಚ್ಚಿದೆ.

ಬಾಣ ಓಡಿತು!

ಓಡಿತು ಎಂದರೆ, ಗುಂಡನ್ನು ಮೇಲಕ್ಕೆ ಉರುಳಿಸಿದರೆ ಎಡಕ್ಕೆ ಓಡಿತು. ನಾನು ಕುರ್ಚಿಯಿಂದ ಎದ್ದೇಬಿಟ್ಟಿದ್ದೆ. ಅಕ್ಕ ಒಳಗಿನಿಂದ ಹಿಟ್ಟಿನ ಕೈಯಲ್ಲೇ ಬಂದಳು.

"ಸೇಡಂ ಗಾಡಿ ಹತ್ತಿದ್ರ ಸೊಲ್ಲಾಪುರಕ್ಕ ಒಯ್ಲಿಕತ್ತದಲ್ಲೋ ಇದು!"

"ತಂತಿ ಅದಲುಬದಲು ಮಾಡಿದ್ರ ಆಯ್ತು. ಗಾಡಿ ಹೊಂಟದಲ್ಲ, ಅದು ಹೇಳು."

"ಹೊಂಟದ, ಹೊಂಟದ," ಎಂದು ಅವಳೂ ಹಿಟ್ಟಿನ ಕೈಯಿಂದಲೇ ಒಮ್ಮೆ ಉರುಳಿಸಿದಳು.

ಮರುದಿನ ದಿಕ್ಕು ಸರಿಹೋಯಿತು. ಅಕ್ಕ ಕೈ ತೊಳೆದು, ಒರೆಸಿಕೊಂಡು, ಪರೀಕ್ಷೆಗೆ ಕುಳಿತ ಹುಡುಗಿಯ ಹಾಗೆ ಕುಳಿತಳು. ಅಂಗೈ ಊರಿ ಕಾಗಿಣಾ ಶುರುಮಾಡಿದಳು. ನಾನು ಪರದೆ ನೋಡಲಿಲ್ಲ, ಅವಳ ಮುಖ ನೋಡುತ್ತಿದ್ದೆ. ಅದರಿಂದಲೇ ತಿಳಿಯಿತು. ಗೆರೆಯಲ್ಲಿ ಅದೇ ಹಲ್ಲುಗಳು. ಗುಂಡು ಹಗುರ. ಕೈ ಒಂದೇ ಕಡೆ ಇದ್ದರೂ ಬೆರಳಿನ ಪ್ರತಿ ನಡುಕಕ್ಕೂ ಗುಂಡು ಜೊತೆ ಕೊಡುತ್ತಿತ್ತು.

"ಇರ್ಲಿ ಬಿಡು. ಲಗ್ನಪತ್ರಿಕಿಗೆ ಆಗ್ತದ," ಎಂದಳು. ಅವಳು ಬೈದಿದ್ದರೆ ಚೆನ್ನಾಗಿತ್ತು.

ಅದರ ಮೇಲೆ ಗುಂಡಿನ ಬಿರುಕು ದೊಡ್ಡದಾಗಿ ಒಂದು ದಿನ ಅದು ಎರಡು ಹೋಳಾಯಿತು. ಅಷ್ಟೇ ಗಾತ್ರದ್ದು ಎಲ್ಲಿ ಸಿಕ್ಕೀತು ಎಂದು ಅಳೆದು ನೋಡಿದರೆ ಬಿಲಿಯರ್ಡ್ ಆಟದ ಗುಂಡು ಸರಿಹೊಂದುತ್ತಿತ್ತು. ಹೈದರಾಬಾದಿಗೆ ಹೋಗುತ್ತಿದ್ದ ಸಹೋದ್ಯೋಗಿಗೆ ಹಳೆಯ ಸಾಮಾನಿನ ಸಂತೆಯಲ್ಲಿ ಒಂದು ಹುಡುಕಿ ತರಲು ಹೇಳಿದೆ. ಅವನು ಬರುವವರೆಗೆ ತಂತಿಗಳನ್ನು ಪರೀಕ್ಷಿಸಲು ಏನಾದರೂ ಒಂದು ಗುಂಡು ಬೇಕಿತ್ತು. ವಾಡಿಯಲ್ಲಿ ಗುಂಡಿಗೆ ಬರವೇ?

ಸಿಮೆಂಟ್ ಅರೆಯುವ ಗಿರಣಿ ಎಂದರೆ ಉದ್ದನೆಯ ಒಂದು ಉಕ್ಕಿನ ಕೊಳವೆ. ಅದರೊಳಗೆ ರಾಶಿ ರಾಶಿ ಉಕ್ಕಿನ ಗುಂಡುಗಳು ಉರುಳಿ ಬಿದ್ದು ಕಲ್ಲನ್ನು ಪುಡಿಮಾಡುತ್ತವೆ. ಗಿರಣಿ ನಿಲ್ಲಿಸಿದಾಗ ಸವೆದವನ್ನು ಆರಿಸಿ ತೆಗೆದು ಹೊಸದನ್ನು ಹಾಕುತ್ತಾರೆ. ಆ ವಾರ ಗಿರಣಿ ನಿಂತಿತ್ತು. ಸವೆದ ಗುಂಡುಗಳ ರಾಶಿಯ ಪಕ್ಕ ಗಿರಣಿಯ ಫೋರ್ಮನ್ ನಿಂತಿದ್ದರು.

"ಒಂದs ಬೇಕಾ? ಬುಟ್ಟಿ ತುಂಬ್ಕೊಂಡು ಹೋಗೋ, ಯಾರು ಕೇಳ್ತಾರ!"

"ದುಂಡಗಿದ್ದದ್ದು ಬೇಕ್ರಿ."

"ಎಲ್ಲಾ ದುಂಡಗs ಅದಾವಲ್ಲ?"

"ಇಲ್ರಿ. ಎಲ್ಲಾ ದುಂಡಗ ಕಾಣ್ತಾವ."

ತಗಡಿನಲ್ಲಿ ಹಳೆಯ ಗುಂಡಿನ ಅಳತೆಯ ತೂತು ಕೊರೆದು ತಂದಿದ್ದೆ. ಅದರಲ್ಲಿ ಸಡಿಲವಿಲ್ಲದೆ, ಒತ್ತಬೇಕಾಗದೆ ಇಳಿದವನ್ನು ಬೇರೆ ಇಟ್ಟೆ. ಮನೆಗೆ ತಂದ ಕೆಲವನ್ನು ಅಕ್ಕನ ಮೇಜಿನ ಪರಸಿಯ ಮೇಲೆ ಉರುಳಿಸಿದೆವು. ಸೊಟ್ಟ ಇದ್ದದ್ದು ಓಲಾಡುತ್ತ ಹೋಗಿ ಪಕ್ಕಕ್ಕೆ ಸರಿಯುತ್ತದೆ. ದುಂಡಗಿದ್ದದ್ದು ನೇರ ಹೋಗುತ್ತದೆ. ಮೇಜಿನ ಆ ತುದಿಯಲ್ಲಿ ಅಕ್ಕ ಕುಳಿತು ಹಿಡಿಯುತ್ತಿದ್ದಳು. ಚಿಕ್ಕಂದಿನಲ್ಲಿ ಗೋಲಿ ಆಡಿದ ಹಾಗೆಯೇ ಆಯಿತು.

"ಇದು ಕುಡದು ಬಂದದ. ಇದೂ ಕುಡದು ಬಂದದ. ಹಾಂ, ಇದು ಬರೋಬ್ಬರಿ ಸಂಭಾವಿತ!"

ಗಿರಣಿಯೊಳಗೆ ಉರುಳಿ ಉರುಳಿ ಅದರ ಕಪ್ಪು ಮೈ ಆಗಲೇ ನುಣುಪಾಗಿತ್ತು. ಅದನ್ನೇ ಕೂರಿಸಿದೆ. ಅಂಗೈಗೆ ತಣ್ಣಗೆ, ಭಾರವಾಗಿ ಹತ್ತುತ್ತಿತ್ತು. "ನಾ ಏನು ಸಿಮೆಂಟ್ ಅರೀಬೇಕೇನೋ?" ಎಂದಳು ಅಕ್ಕ.

ಉರುಳಿಸಿದರೆ ಕೀರಲು ಸದ್ದು ಬಂತು. ಧೂಳಿನ ಕಾರ್ಖಾನೆಯಲ್ಲಿ ದುಡಿಯುವವರ ಕೈಗೆ ಒಂದು ಚಾಳಿ ಇರುತ್ತದೆ: ಏನಾದರೂ ಕೀರಿದರೆ ಗ್ರೀಸ್ ಹಚ್ಚುವುದು. ಯೋಚಿಸದೆ ಹಚ್ಚಿದೆ. ಸದ್ದು ನಿಂತಿತು, ಬಾಣವೂ ನಿಂತಿತು. ಗುಂಡು ತಿರುಗುತ್ತಿದೆ, ಬಾಣ ಸತ್ತು ಬಿದ್ದಿದೆ. ಚಿಪ್ಪು ಸುಟ್ಟಿತೇ, ಬೆಸುಗೆ ಬಿಟ್ಟಿತೇ ಎಂದು ಪ್ರತಿ ತಂತಿಯನ್ನೂ ಮೀಟರಿನಿಂದ ನೋಡುತ್ತ ಹೋದೆ. ಎಲ್ಲ ಸರಿಯಿತ್ತು. ಕೊನೆಗೆ ಅಕ್ಕ ತನ್ನ ಅಂಗೈ ನನ್ನ ಮುಂದೆ ಹಿಡಿದಳು.

"ತುಪ್ಪದ ಹೋಳಿಗಿ ತಿಂದಂಗ ಆಗ್ಯದ ನೋಡು. ಜಾರಲಿಕತ್ತದೋ ಹುಚ್ಚಪ್ಪಾ, ಕಡ್ಡಿ ತಿರಗವಲ್ದು."

ಗುಂಡು ಕಡ್ಡಿಗಳನ್ನು ತಿರುಗಿಸುವುದೇ ಒಣ ಘರ್ಷಣೆಯಿಂದ. ನಾನು ಅದನ್ನೇ ಕೊಂದಿದ್ದೆ. ಪೆಟ್ರೋಲಿನಲ್ಲಿ ಎಲ್ಲ ತೊಳೆದು, ಒಣಗಿಸಿ, ಮತ್ತೆ ಕೂರಿಸಿದೆ. ಕೀರಲು ಸದ್ದು ಬಂತು, ಬಾಣ ಎದ್ದಿತು.

"ಸುಮ್ಮನ ಒಂದು ಗೆರಿ ಎಳದು ನೋಡು, ವೈರ್ ಬರೋಬ್ಬರಿ ಅದಾವೋ ಇಲ್ಲೋ," ಎಂದೆ. ನನಗೆ ಬೇರೆ ನಿರೀಕ್ಷೆ ಇರಲಿಲ್ಲ. ಭಾರವಾದ ಗುಂಡಿನಲ್ಲಿ ಬರೆಯುವುದು ಇನ್ನೂ ಕಷ್ಟವೆಂದೇ ನಂಬಿದ್ದೆ.

ಅಕ್ಕ ಅಂಗೈ ಇಟ್ಟಳು. ಕೈ ನಡುಗುತ್ತಿತ್ತು, ಕಣ್ಣಿಗೆ ಕಾಣುವಷ್ಟು. ಗುಂಡು ನಡುಗಲಿಲ್ಲ. ಅವಳು ಮೆಲ್ಲಗೆ ನೂಕಿದಳು. ಗುಂಡು ತಡೆದು, ತಡೆದು, ಆಮೇಲೆ ಎಮ್ಮೆ ಏಳುವ ಹಾಗೆ ನಿಧಾನವಾಗಿ ಹೊರಟಿತು. ಪರದೆಯ ಮೇಲೆ ಗೆರೆ ಬಂತು. ಹಲ್ಲಿಲ್ಲದ ಗೆರೆ.

ಅವಳು ಇನ್ನೊಂದು ಎಳೆದಳು. ಸ್ವಲ್ಪ ಬಾಗಿಸಿ ಮತ್ತೊಂದು.

"ಏ ತಮ್ಮಾ..." ಎಂದಳು.

ನನ್ನ ಕಸುಬಿನಲ್ಲಿ ದಿನಾ ಮಾಡುವ ಕೆಲಸ ನನಗೆ ಇಷ್ಟು ದಿನ ಹೊಳೆದಿರಲಿಲ್ಲ. ಪಂಪು ನಡುಗುವಲ್ಲಿ ಒತ್ತಡ ಮಾಪಕದ ಮುಳ್ಳು ಪಟಪಟ ಹೊಡೆದುಕೊಳ್ಳುತ್ತದೆ. ಪಂಪಿನ ನಡುಕ ನಿಲ್ಲಿಸುವುದು ನಮ್ಮ ಕೈಯಲ್ಲಿಲ್ಲ. ಮಾಪಕದೊಳಗೆ ಗ್ಲಿಸರಿನ್ ತುಂಬುತ್ತೇವೆ. ಮುಳ್ಳಿಗೆ ಅದು ಭಾರ, ನಡುಕಕ್ಕೆ ಅಲುಗುವುದಿಲ್ಲ, ನಿಜವಾದ ಏರಿಳಿತಕ್ಕೆ ಮಾತ್ರ ನಿಧಾನವಾಗಿ ಕದಲುತ್ತದೆ. ಗಿರಣಿಯ ಗುಂಡು ಅದನ್ನೇ ಮಾಡುತ್ತಿತ್ತು.

ಅಷ್ಟರಲ್ಲಿ ಹೈದರಾಬಾದಿನಿಂದ ಬಿಲಿಯರ್ಡ್ ಗುಂಡು ಬಂತು. ಕೆಂಪಗೆ, ದಾಳಿಂಬೆಯ ಹಾಗೆ ಹೊಳೆಯುವ ಗುಂಡು. ಪೆಟ್ಟಿಗೆಯಲ್ಲಿ ಹೇಳಿ ಮಾಡಿಸಿದ ಹಾಗೆ ಕುಳಿತಿತು, ಕೀರಲು ಸದ್ದೂ ಇಲ್ಲ. ಆ ಪೆಟ್ಟಿಗೆ ಮಾಡಿದವರ ಲೆಕ್ಕ ಇಂಥ ಗುಂಡಿನದೇ. ಉಕ್ಕಿನದರ ಭಾರಕ್ಕೆ ಒಳಗಿನ ಸಣ್ಣ ಬೇರಿಂಗುಗಳು ಆಗಲೇ ಕುಸಿಯತೊಡಗಿದ್ದವು. ಉಕ್ಕಿನ ಗುಂಡನ್ನೇ ಇಟ್ಟುಕೊಳ್ಳಬೇಕೆಂದರೆ ಚೆನ್ನಾಗಿರುವ ಪೆಟ್ಟಿಗೆಯನ್ನು ಕೊಯ್ದು ಹೊಸದಾಗಿ ಕಟ್ಟಬೇಕು. ಕೊಯ್ದಾಗ ತಪ್ಪಿದರೆ ಟ್ರ್ಯಾಕ್‌ಬಾಲೇ ಹೋಯಿತು, ಇನ್ನೊಂದು ಸಿಗುವುದಿಲ್ಲ. ಶಾಲೆ ಶುರುವಾಗುವ ದಿನ ಹತ್ತಿರ ಬಂದಿತ್ತು. ಅಕ್ಕ ಎರಡೂ ಗುಂಡುಗಳಿಂದ ಒಂದೊಂದು ಗೆರೆ ಎಳೆದು ಮುದ್ರಿಸಿ ನನ್ನ ಮುಂದಿಟ್ಟಳು. ಒಂದು ಗರಗಸ, ಒಂದು ಹೊಳೆ.

"ಕೆಂಪಂದು ನೋಡಾಕ ಚಂದ ಅದ," ಎಂದಳು. "ಕರೇದು ನನಗ ಅದ."

ಕೊಯ್ದೆ. ಕೆಳಗೆ ತಗಡಿನ ತಟ್ಟೆ ಕೊಟ್ಟು, ದೊಡ್ಡ ಬೇರಿಂಗುಗಳನ್ನು ಮುಕ್ಕಾಲಿಯ ಹಾಗೆ ನಿಲ್ಲಿಸಿ, ಗುಂಡಿನ ಭಾರವೆಲ್ಲ ಅವುಗಳ ಮೇಲೆ ಬೀಳುವಂತೆ ಮಾಡಿದೆ. ಅಳೆಯುವ ಕಡ್ಡಿಗಳು ಸ್ಪ್ರಿಂಗಿನ ಮೇಲೆ ನಿಂತು ಗುಂಡನ್ನು ಬರಿಯ ಮುಟ್ಟಿಕೊಂಡಿರುವ ಹಾಗೆ ಕೂರಿಸಿದೆ. ಇನ್ನೊಂದು ತೊಂದರೆ ಉಳಿಯಿತು: ಭಾರದ ಗುಂಡು ಹೊರಟರೆ ನಿಲ್ಲುವುದಿಲ್ಲ. ಕೈ ಬಿಟ್ಟರೂ ಗೆರೆ ತಾನೇ ಮುಂದೆ ಹೋಗಿ ಆಂಧ್ರದ ಗಡಿ ದಾಟುತ್ತಿತ್ತು. ರಬ್ಬರ್ ತಾಗಿಸಿದರೆ ಹಿಡಿದುಬಿಡುತ್ತದೆ, ಬಟ್ಟೆ ಸವೆಯುತ್ತದೆ. ಅಕ್ಕ ಒಳಗೆ ಹೋಗಿ ನಮ್ಮ ಹಳೆಯ ಕಂಬಳಿಯ ಮೂಲೆ ಕತ್ತರಿಸಿ ತಂದಳು. ಅದನ್ನು ಮಡಿಸಿ ಗುಂಡಿನ ಪಕ್ಕಕ್ಕೆ ಅಂಟಿಸಿದೆ. ಗುಂಡು ಈಗ ಮರ್ಯಾದೆಯಿಂದ ನಿಲ್ಲತೊಡಗಿತು. ಬಟನ್ನನ್ನು ಬೇರೆ ತಂತಿಯಲ್ಲಿ ಎಡಗೈಯ ಹತ್ತಿರ ಇಟ್ಟೆ, ಬಲಗೈ ಒತ್ತುವುದು, ಉರುಳಿಸುವುದು ಎರಡನ್ನೂ ಮಾಡಬೇಕಾಗದಿರಲಿ ಎಂದು.

ಕಾಗಿಣಾ ಬರೆಯುವ ದಿನ ಮಾಸ್ತರರನ್ನೂ ಕರೆಸಿದಳು. ಅವರು ಬಂದು ಗುಂಡನ್ನು ಕಂಡು ಚಪ್ಪಲಿ ಹೊರಗೆ ಬಿಟ್ಟು ಬಂದರು.

"ಅಕ್ಕಾರ, ಇದು ನಮ್ಮ ಮನಿ ಸಾಲಿಗ್ರಾಮದಂಗ ಅದಲ್ರಿ!"

"ನಿಮ್ಮದಕ್ಕ ಹಾಲು, ನೀರು ನಡೀತದ. ಇದಕ್ಕ ಪೆಟ್ರೋಲ್ ಅಷ್ಟ. ಗ್ರೀಸ್ ಅಂತೂ ಮೈಲಿಗಿ, ನಮ್ಮ ತಮ್ಮನ್ನ ಕೇಳ್ರಿ."

ಮಾಸ್ತರರು ನಗುತ್ತಿರುವಾಗಲೇ ಅವಳು ಎಡಗೈಯಿಂದ ಬಟನ್ ಒತ್ತಿದಳು. ಕೀರಲು ಸದ್ದೊಂದೇ. ಪರದೆಯ ಒಂದು ಅಂಚಿನಿಂದ ಕಾಗಿಣಾ ಹೊರಟಿತು. ಮೊದಲಿನಷ್ಟು ಬೇಗ ಅಲ್ಲ. ಆದರೆ ನದಿ ಬೇಗ ಹೋಗಬೇಕೆಂದು ಯಾರು ಹೇಳಿದ್ದು? ಮಳಖೇಡದ ಹತ್ತಿರ ಬಂದಾಗ ಅವಳ ಮೊಣಕೈ ತಿರುಗಿತು. ನನ್ನ ಮೊಣಕೈಯೂ ತಿರುಗಿದ್ದು ಆಮೇಲೆ ಗಮನಕ್ಕೆ ಬಂತು. ಗೆರೆ ಇನ್ನೊಂದು ಅಂಚನ್ನು ಮುಟ್ಟಿತು. ಬಟನ್ ಬಿಟ್ಟಳು.

"ಹೊಳಿ ಹರೀತು," ಎಂದಳು.

ಮಾಸ್ತರರು ಮತ್ತೆ ಕನ್ನಡಕ ಒರೆಸಿಕೊಂಡರು. ಅಂದು ಚಹಾಕ್ಕೆ ನಾನು ಸಕ್ಕರೆ ಹಾಕುವುದನ್ನೇ ಮರೆತೆ. ಯಾರೂ ಬೈಯಲಿಲ್ಲ.

ಶಾಲೆ ಶುರುವಾಗುವಾಗ ಚಿತ್ತಾಪುರ ಮತ್ತು ಸೇಡಂ ನಕಾಶೆಗಳೊಂದಿಗೆ ಹೊತ್ತಿಗೆ ಬಂತು. ಚಿಂಚೋಳಿಯನ್ನು ಮುಂದಿನ ಮುದ್ರಣಕ್ಕೆ ಸೇರಿಸುವುದೆಂದು ಮಾತಾಯಿತು. ಆ ಗುಂಡಿನ ಮೇಲೆ ಅಕ್ಕ ಹಲವು ವರ್ಷ ದುಡಿದಳು. ನಡುಕ ಹೆಚ್ಚಾದಾಗ ಕಂಬಳಿಯ ತುಂಡನ್ನು ಇನ್ನಷ್ಟು ಬಿಗಿ ಮಾಡುತ್ತಿದ್ದೆ. ಮಧ್ಯೆ ಮಧ್ಯೆ ಬಿಡುವಾದಾಗ ಚಿಂಚೋಳಿಯನ್ನು ಬಿಡಿಸುತ್ತಿದ್ದಳು, ಯಾವ ಅವಸರವೂ ಇಲ್ಲದೆ. ಗಡಿ ಮುಗಿಯಿತು, ಕಾಡು ಮುಗಿಯಿತು, ರಸ್ತೆ, ಊರುಗಳು. ಮುಲ್ಲಾಮಾರಿ ನದಿಯನ್ನು ನೋಡಲು ಚಿಮ್ಮನಚೋಡಕ್ಕೆ ಹೋಗಬೇಕಿತ್ತು.

"ಮಳಿ ಮುಗೀಲಿ, ಕೆಂಪು ನೀರು ಇಳೀಲಿ. ಆಮ್ಯಾಗ ಹೋಗಿ ನಿಂತು ಬರೋಣು," ಎಂದಿದ್ದಳು.

ಆ ಮಳೆಗಾಲದಲ್ಲಿ ಅವಳಿಗೆ ಜ್ವರ ಬಂದು ಎದೆಗೆ ಇಳಿಯಿತು. ಮಳೆ ಮುಗಿಯುವ ಮೊದಲೇ ಅಕ್ಕ ಹೋದಳು.

ಟ್ರ್ಯಾಕ್‌ಬಾಲ್ ಪರಸಿಯ ಮೇಲೆ ಹಾಗೆಯೇ ಇದೆ. ತಿಂಗಳಿಗೊಮ್ಮೆ ಗುಂಡು ತೆಗೆದು ಒರೆಸುತ್ತೇನೆ, ಕಂಪ್ಯೂಟರ್ ಹಚ್ಚುತ್ತೇನೆ, ಗುಂಡು ಉರುಳಿಸಿ ನೋಡುತ್ತೇನೆ. ಬಾಣ ಓಡುತ್ತದೆ. ಚಿಂಚೋಳಿಯ ನಕಾಶೆ ತೆರೆದುಕೊಳ್ಳುತ್ತದೆ. ಮಾಸ್ತರರು ಎರಡು ಸಲ ಬಂದು ಹೋದರು. ಗುಲ್ಬರ್ಗಾದಲ್ಲಿ ಹೊಳೆ ತೆಗೆಸುವ ಮಾತನ್ನು ಈ ಸಲ ಅವರು ಎತ್ತಲಿಲ್ಲ. ನಕಾಶೆಯಲ್ಲಿ ಗಡಿ ಇದೆ, ಕಾಡಿದೆ, ರಸ್ತೆಗಳಿವೆ, ಚಿಮ್ಮನಚೋಡವೂ ಇದೆ.

ಮುಲ್ಲಾಮಾರಿ ನದಿ ಇನ್ನೂ ಇಲ್ಲ.